ಇನ್ಸುಲಿನ್ ಸಿರಿಂಜ್: ಕೆಂಪು ಮುಚ್ಚಳವೋ, ಕಿತ್ತಳೆಯೋ? ಬಣ್ಣ ತಪ್ಪಿದರೆ ಡೋಸ್ ತಪ್ಪುತ್ತೆ!

ಮೆಡಿಕಲ್ ಶಾಪ್‌ಗೆ ಹೋಗಿ "ಒಂದು ಇನ್ಸುಲಿನ್ ಸಿರಿಂಜ್ ಕೊಡಿ" ಅಂತ ಕೇಳುವವರೇ ಹೆಚ್ಚು. ಆದರೆ ಇದರಲ್ಲಿ ಎರಡು ಬಗೆ ಇದೆ. ಕೆಂಪು ಮುಚ್ಚಳದ್ದು 40ರ ಅಳತೆ, ಕಿತ್ತಳೆ ಮುಚ್ಚಳದ್ದು 100ರ ಅಳತೆ. ಒಂದರ ಬದಲು ಇನ್ನೊಂದು ಬಳಸಿದರೆ ಜೀವಕ್ಕೇ ಕುತ್ತು ಬರಬಹುದು.

ಈ ಎರಡು ಅಳತೆ ಬಂದಿದ್ದು ಹೇಗೆ?

ಕೆನಡಾದ ಟೊರಾಂಟೊದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ 1921ರಲ್ಲಿ ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ತೆಗೆದರು. 1922ರ ಜನವರಿಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಅದನ್ನು ಮೊದಲ ಬಾರಿ ಚುಚ್ಚಲಾಯಿತು. ಅಲ್ಲಿಯವರೆಗೆ ಅಂಥ ಮಕ್ಕಳಿಗೆ ಉಪವಾಸದಂಥ ಪಥ್ಯ ಬಿಟ್ಟರೆ ಬೇರೆ ದಾರಿಯೇ ಇರಲಿಲ್ಲ.

ಶುರುವಿನಲ್ಲಿ ಬಂದ ಇನ್ಸುಲಿನ್ ತೀರಾ ತೆಳು. ಒಂದು ಎಂಎಲ್‌ಗೆ 10, 20 ಯೂನಿಟ್ ಅಷ್ಟೇ. ಶುದ್ಧ ಮಾಡುವ ವಿಧಾನ ಸುಧಾರಿಸಿದಂತೆ 40, 80, ಆಮೇಲೆ 100 ಯೂನಿಟ್‌ನದು ಬಂತು. ಆಗ ಗಾಜಿನ ಸಿರಿಂಜನ್ನು ಕುದಿಸಿ, ಸೂಜಿಯನ್ನು ಕಲ್ಲಿಗೆ ಮಸೆದು ಮತ್ತೆ ಮತ್ತೆ ಬಳಸುತ್ತಿದ್ದರು. 1970ರ ದಶಕದಲ್ಲಿ ಅಮೆರಿಕ 100ರ ಅಳತೆಗೆ ಬದಲಾಯಿತು. 1985ರಲ್ಲಿ ಮೊದಲ ಇನ್ಸುಲಿನ್ ಪೆನ್ ಮಾರುಕಟ್ಟೆಗೆ ಬಂತು.

ನಮ್ಮ ದೇಶದಲ್ಲಿ ಎರಡೂ ಉಳಿದಿವೆ. ಬಾಟಲಿಯಲ್ಲಿ ಬರುವ ಇನ್ಸುಲಿನ್ ಹೆಚ್ಚಾಗಿ 40ರದು. ಪೆನ್‌ಗೆ ಹಾಕುವ ಕಾರ್ಟ್ರಿಜ್ ಸಾಮಾನ್ಯವಾಗಿ 100ರದು.

ತಪ್ಪಿದರೆ ಏನಾಗುತ್ತೆ?

ಡಾಕ್ಟರ್ 20 ಯೂನಿಟ್ ಬರೆದಿದ್ದಾರೆ ಅಂದುಕೊಳ್ಳಿ. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜ್‌ನಲ್ಲಿ 20ರ ಗೆರೆವರೆಗೆ ಎಳೆದರೆ ದೇಹಕ್ಕೆ ಹೋಗೋದು 50 ಯೂನಿಟ್, ಅಂದರೆ ಎರಡೂವರೆ ಪಟ್ಟು. ಶುಗರ್ ದಿಢೀರ್ ಇಳಿದು ಬೆವರು, ನಡುಕ, ಗೊಂದಲ ಶುರುವಾಗಿ ಪ್ರಜ್ಞೆಯೂ ತಪ್ಪಬಹುದು. ಅದೇ 40ರ ಇನ್ಸುಲಿನ್ನನ್ನು ಕಿತ್ತಳೆ ಸಿರಿಂಜ್‌ನಲ್ಲಿ 20ರವರೆಗೆ ಎಳೆದರೆ ಸಿಗೋದು ಬರೀ 8 ಯೂನಿಟ್. ಆಗ "ಇಂಜೆಕ್ಷನ್ ತಗೊಂಡ್ರೂ ಶುಗರ್ ಇಳೀತಿಲ್ಲ" ಅನ್ನೋ ದೂರು.

ಗ್ರಾಹಕರು, ಅಂಗಡಿಯವರು ಗಮನಿಸಬೇಕಾದ್ದು:

* ಸಿರಿಂಜ್ ಕೊಳ್ಳಲು ಹೋಗುವಾಗ ಇನ್ಸುಲಿನ್ ಬಾಟಲಿ ಅಥವಾ ಅದರ ಡಬ್ಬಿ ಜೊತೆಗಿರಲಿ.
* ಬಾಟಲಿಯ ಮೇಲಿನ ಸಂಖ್ಯೆಯೂ ಸಿರಿಂಜ್ ಮೇಲಿನ ಸಂಖ್ಯೆಯೂ ಒಂದೇ ಇರಬೇಕು. ಬಣ್ಣ ನೋಡಿದರಷ್ಟೇ ಸಾಲದು, ಸಂಖ್ಯೆ ಓದಿ.
* ಪೆನ್ ಕಾರ್ಟ್ರಿಜ್‌ನಿಂದ ಸಿರಿಂಜ್‌ಗೆ ಇನ್ಸುಲಿನ್ ಎಳೆಯಬೇಡಿ.
* ಸಿರಿಂಜ್ ಕೇಳಿದವರಿಗೆ "40ರದಾ, 100ರದಾ?" ಅಂತ ಅಂಗಡಿಯವರೇ ಕೇಳಿ ಕೊಡಲಿ.
* ಶುಗರ್ ಇಳಿದ ಲಕ್ಷಣ ಕಂಡರೆ, ಎಚ್ಚರ ಇದ್ದವರಿಗೆ ಕೂಡಲೇ ಸಕ್ಕರೆ ಅಥವಾ ಗ್ಲುಕೋಸ್ ನೀರು ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ.

ಮನೆಯಲ್ಲಿ ಯಾರಾದರೂ ಇನ್ಸುಲಿನ್ ತಗೊಳ್ತಿದ್ದರೆ ಇವತ್ತೇ ಒಮ್ಮೆ ಬಾಟಲಿ, ಸಿರಿಂಜ್ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಸಂಖ್ಯೆ ಬೇರೆ ಬೇರೆ ಇದ್ದರೆ ಆ ಸಿರಿಂಜ್ ಬಳಸಬೇಡಿ, ಸರಿಯಾದದ್ದು ತಂದುಕೊಳ್ಳಿ. ಇಷ್ಟು ದಿನ ತಪ್ಪು ಸಿರಿಂಜ್ ಬಳಸಿದ್ದರೆ ಮುಂದಿನ ಡೋಸ್‌ಗೆ ಮೊದಲು ಡಾಕ್ಟರ್‌ಗೆ ತಿಳಿಸಿ.