ಬೀಟೆಗೆ ಬೇಕಾದ ನೆಲ

ಚೆನ್ನಾಗಿ ಒಣಗಿದ ಬೀಟೆ ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ಗಂಟೆಯಂತೆ ಗುಂಯ್‌ಗುಡುತ್ತದೆ. ಕಡುನೇರಳೆ ಛಾಯೆಯ ಅದರ ತಿರುಳು ಒತ್ತಾಗಿರುವುದರಿಂದ ತಂತಿಯ ಕಂಪನ ಬೇಗ ಅಡಗುವುದಿಲ್ಲ. ಮೈಸೂರಿನ ವೀಣೆ ತಯಾರಕರು ಹಲಸಿನ ಜೊತೆಗೆ ಬೀಟೆಯನ್ನೂ ಬಳಸುತ್ತ ಬಂದರು. 1960ರ ದಶಕದ ಕೊನೆಗೆ ಬ್ರೆಜಿಲ್ ತನ್ನ ಬೀಟೆ ದಿಮ್ಮಿಗಳ ರಫ್ತು ನಿಲ್ಲಿಸಿದಾಗ ಅಮೆರಿಕದ ಗಿಟಾರ್ ತಯಾರಕರೂ ಭಾರತದ ಬೀಟೆಗೆ ಕೈಚಾಚಿದರು. ಪೀಠೋಪಕರಣದ ಬೇಡಿಕೆ ಇದಕ್ಕಿಂತ ಎಷ್ಟೋ ದೊಡ್ಡದು. ಇಂದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ, ಅಳಿವಿನ ಭೀತಿಯಲ್ಲಿರುವ ಜೀವಿಗಳ ಕೆಂಪು ಪಟ್ಟಿಯಲ್ಲಿ ಬೀಟೆಯ ಹೆಸರಿದೆ.

ಬೀಟೆ ಜಾತಿಯ ಎಲ್ಲ ಮರಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ಸೈಟ್ಸ್ ಒಪ್ಪಂದ 2017ರ ಜನವರಿಯಿಂದ ನಿಯಂತ್ರಣಕ್ಕೆ ತಂದಿತು. ವಾದ್ಯದೊಂದಿಗೆ ದೇಶ ದಾಟುವ ಕಲಾವಿದರಿಗೆ ತೊಡಕಾದ್ದರಿಂದ, ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು. ಅದು ನ್ಯಾಯವೇ.

ಆದರೆ ಕಾನೂನು ಮರ ಕಡಿಯುವುದನ್ನು ತಡೆದೀತು, ನೆಲ ಒದಗಿಸದು. ಆ ಪಾಠ ದಾವಣಗೆರೆ ಜಿಲ್ಲೆಯ ಹರಿಹರದ ಆಸುಪಾಸಿನಲ್ಲೇ ಇದೆ. ತುಂಗಭದ್ರೆಯ ದಡದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಗೆ ಬೇಕಾದ ಮರ ಒದಗಿಸಲು ರಾಜ್ಯ ಸರ್ಕಾರ 1984ರಲ್ಲಿ ಅದರೊಡನೆ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಕಂಪನಿ ಕಟ್ಟಿತು. ನೀಲಗಿರಿ ಬೆಳೆಸಲು ಸುಮಾರು 75,000 ಎಕರೆ ಸರ್ಕಾರಿ ಜಮೀನು ಕೊಡುವ ಒಪ್ಪಂದವದು. ದನ ಮೇಯುತ್ತಿದ್ದ, ಸೌದೆ ಸಿಗುತ್ತಿದ್ದ ಜಾಗ ಹೋಗುತ್ತದೆಂದು ಹಳ್ಳಿಯವರು ಎದ್ದುನಿಂತರು. ಸಮಾಜ ಪರಿವರ್ತನ ಸಮುದಾಯ ಸಂಘಟನೆಯ ಎಸ್.ಆರ್. ಹಿರೇಮಠರ ಮುಂದಾಳತ್ವದಲ್ಲಿ 1987ರ ನವೆಂಬರ್ 14ರಂದು ಕುಸನೂರು ಗ್ರಾಮದಲ್ಲಿ 'ಕಿತ್ತಿಕೊ ಹಚ್ಚಿಕೊ' ಸತ್ಯಾಗ್ರಹ ನಡೆಯಿತು. ಜನ ನೀಲಗಿರಿ ಸಸಿ ಕಿತ್ತು, ಊರಿಗೆ ಬೇಕಾದ ಗಿಡ ಹಚ್ಚಿದರು. 1991ರಲ್ಲಿ ಸರ್ಕಾರ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ಹಳ್ಳಿಯವರದು ಮೇವು, ಸೌದೆಗಾಗಿ ನಡೆದ ಹೋರಾಟ. ನಾಡಮರಗಳಿಗೂ ಅದರಿಂದ ನೆಲ ಉಳಿಯಿತು.

ನೀಲಗಿರಿ ಹತ್ತು ವರ್ಷದೊಳಗೆ ಕಟಾವಿಗೆ ಬರುತ್ತದೆ. ವಾದ್ಯಕ್ಕೆ ಒದಗುವ ತಿರುಳು ಕೂಡಲು ಬೀಟೆಗೆ ಹಲವು ದಶಕ ಬೇಕು. ದಾವಣಗೆರೆಯ ಮಳೆ ಅದಕ್ಕೆ ಸಾಲದು. ಪಶ್ಚಿಮಕ್ಕೆ ಸರಿದಂತೆ, ಶಿವಮೊಗ್ಗ, ಚಿಕ್ಕಮಗಳೂರಿನ ಎಲೆ ಉದುರುವ ಕಾಡುಗಳು ಅದರ ನೆಲೆ. ಅಲ್ಲಿ ಬೀಟೆ ಬೇರಿನಿಂದಲೂ ಚಿಗುರುತ್ತದೆ. ಕಾಳ್ಗಿಚ್ಚನ್ನೂ ದನಗಳನ್ನೂ ಎಳೆಯ ಗಿಡಗಳಿಂದ ದೂರವಿಡುವುದೇ ಅಲ್ಲಿ ಮೊದಲ ಕೆಲಸ. ಹೊಲದ ಬದುವಿನಲ್ಲಿ ಮರ ಬೆಳೆಸುವ ರೈತರಿಗೆ ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ, ಬದುಕುಳಿದ ಪ್ರತಿ ಸಸಿಗೆ ಮೂರು ವರ್ಷ ಹಣ ಕೊಡುತ್ತದೆ. ನಿಧಾನ ಬೆಳೆಯುವ ಬೀಟೆಗೆ ಆ ಅವಧಿ ತೀರಾ ಕಡಿಮೆ, ಹೆಚ್ಚಿಸಬೇಕು. ಆ ಗಿಡಗಳು ಬೆಳೆಯುವವರೆಗೆ ವೀಣೆಗಂತೂ ಹಲಸು ಸಾಕು. ತಂಜಾವೂರಿನ ವೀಣೆಗಳು ಹಲಸಿನವೇ.