ರೆಮ್ಕೊ ರೇಡಿಯೋ ಬಿಚ್ಚಿದಾಗ ಕಂಡ ಮೈಸೂರು

ಸರಸ್ವತಿಪುರಂನಲ್ಲಿರುವ ನಮ್ಮ ತಾತನ ಮನೆಯ ಅಟ್ಟ ಖಾಲಿ ಮಾಡುವಾಗ ಒಂದು ರೇಡಿಯೋ ಸಿಕ್ಕಿತು. ಮರದ ಪೆಟ್ಟಿಗೆ, ಮುಂದೆ ಬಟ್ಟೆಯ ಜಾಲರಿ, ಮೂಲೆಯಲ್ಲಿ 'ರೆಮ್ಕೊ' ಅನ್ನುವ ಹೆಸರು. ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಓದಿದ ನನಗೆ ಈ ಹೆಸರು ಗೊತ್ತಿದ್ದುದು ಬೆಂಗಳೂರಿನ ವಿಜಯನಗರದ ಕಡೆ ಇರುವ ರೆಮ್ಕೊ ಬಡಾವಣೆಯಿಂದ ಮಾತ್ರ! ನಾಲ್ಕು ವರ್ಷದ ಕೋರ್ಸಿನಲ್ಲಿ ನಮ್ಮದೇ ರಾಜ್ಯ ರೇಡಿಯೋ ಮಾಡುತ್ತಿತ್ತು ಅಂತ ಯಾರೂ ಹೇಳಿರಲಿಲ್ಲ.

ರೆಮ್ಕೊ ಅಂದ್ರೆ ರೇಡಿಯೋ ಅಂಡ್ ಎಲೆಕ್ಟ್ರಿಕಲ್ಸ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ. ಮೈಸೂರು ಸರ್ಕಾರದ ಕಾಲದ ಉದ್ದಿಮೆ, ಮೈಸೂರು ರಸ್ತೆಯ ವಿಳಾಸ, ಆದರೆ ಊರು ಬೆಂಗಳೂರು. ಇದರಲ್ಲಿ ಮೈಸೂರಿನವರಿಗೆ ಹೊಸದೇನೂ ಇಲ್ಲ ಬಿಡಿ. ಹೆಸರು ನಮ್ಮದು, ಕಾರ್ಖಾನೆ ಅಲ್ಲಿ. ರೇಡಿಯೋ ವಿಷಯದಲ್ಲಿ ಮಾತ್ರ ಇದು ಸ್ವಲ್ಪ ಹೆಚ್ಚೇ ಚುಚ್ಚುತ್ತೆ. ಯಾಕೆ ಅಂತ ಹೇಳ್ತೀನಿ.

1935ರ ಸೆಪ್ಟೆಂಬರ್‌ನಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲೇ ಬಾನುಲಿ ಕೇಂದ್ರ ಶುರು ಮಾಡಿದರು. ಟ್ರಾನ್ಸ್‌ಮಿಟರ್‌ನ ಶಕ್ತಿ ಬರೀ 30 ವಾಟ್. ಇವತ್ತು ಮನೆಯ ಒಂದು ಫ್ಯಾನು ಅದಕ್ಕಿಂತ ಹೆಚ್ಚು ಕರೆಂಟು ತಿನ್ನುತ್ತದೆ. ಆ ಕೇಂದ್ರಕ್ಕೆ ಇಟ್ಟ ಹೆಸರು 'ಆಕಾಶವಾಣಿ'. ಹೆಸರು ಸೂಚಿಸಿದವರು ನಾ. ಕಸ್ತೂರಿ ಎನ್ನುತ್ತಾರೆ. ಮುಂದೆ ಇಡೀ ದೇಶದ ಬಾನುಲಿಗೆ ಅದೇ ಹೆಸರಾಯಿತು. ಕೇಂದ್ರವನ್ನು 1940ರ ದಶಕದ ಆರಂಭದಲ್ಲಿ ಸಂಸ್ಥಾನ ವಹಿಸಿಕೊಂಡಿತು, 1950ರಲ್ಲಿ ಅದು ಆಲ್ ಇಂಡಿಯಾ ರೇಡಿಯೋಗೆ ಸೇರಿತು, 1955ರ ನವೆಂಬರ್‌ನಲ್ಲಿ ಬೆಂಗಳೂರಿಗೆ ಹೋಯಿತು. ಮೈಸೂರಿಗೆ ಮತ್ತೆ ಕೇಂದ್ರ ಬಂದಿದ್ದು 1974ರಲ್ಲಿ. ಹತ್ತೊಂಬತ್ತು ವರ್ಷ, ಆಕಾಶವಾಣಿ ಅಂತ ಹೆಸರಿಟ್ಟ ಊರಿನಲ್ಲಿ ಆಕಾಶವಾಣಿಯೇ ಇರಲಿಲ್ಲ!

ಮನೆಯಲ್ಲೇ ಕೂತು ಕೇಂದ್ರ ಕಟ್ಟಿದ ಊರಿಗೆ ರೇಡಿಯೋ ಸೆಟ್ ಮಾಡುವ ದೊಡ್ಡ ಕಂಪನಿಯೊಂದು ಯಾಕೆ ಬರಲಿಲ್ಲ? ಮಾಡಿದ ರೆಮ್ಕೊ ಕೂಡ ಯಾಕೆ ರೇಡಿಯೋ ಹೆಸರಾಗಿ ಉಳಿಯಲಿಲ್ಲ? ಉತ್ತರ ಆ ಪೆಟ್ಟಿಗೆಯ ಒಳಗೇ ಇದೆ.

ನಗರದಲ್ಲಿ ಇನ್ನೂ ವಾಲ್ವ್ ಸೆಟ್ ರಿಪೇರಿ ಮಾಡುವ ಒಬ್ಬರು ಹಿರಿಯರ ಬಳಿ ಒಯ್ದೆ. ಹಿಂದಿನ ರಟ್ಟು ತೆಗೆದರು. "ನೋಡಿ ಸ್ವಾಮಿ, ಹೆಸರು ರೆಮ್ಕೊ, ವಾಲ್ವ್ ಬಿಇಎಲ್‌ದು" ಅಂದರು. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಶುರುವಾದ ಭಾರತ್ ಎಲೆಕ್ಟ್ರಾನಿಕ್ಸ್, 1961ರಿಂದ ರೇಡಿಯೋ ವಾಲ್ವ್ ಮಾಡತೊಡಗಿತ್ತು. ಸ್ಪೀಕರ್ ಇನ್ನೊಬ್ಬರದು, ಕಂಡೆನ್ಸರ್ ಮತ್ತೊಬ್ಬರದು.

ಹಾಗಾದ್ರೆ ರೇಡಿಯೋ ಕಂಪನಿ ಮಾಡುತ್ತಿದ್ದುದೇನು? ಇಲ್ಲಿ ಸ್ವಲ್ಪ ಇಂಜಿನಿಯರಿಂಗ್ ಮಾತಾಡಲೇಬೇಕು, ಸಹಿಸಿಕೊಳ್ಳಿ. ಆಕಾಶವಾಣಿ ಬೆಂಗಳೂರು ಬರುವುದು 612 ಕಿಲೋಹರ್ಟ್ಜ್‌ನಲ್ಲಿ. ಮುಳ್ಳು ತಿರುಗಿಸಿ ಅಲ್ಲಿಗೆ ತಂದಾಗ ಸೆಟ್ಟಿನ ಒಳಗೇ 1067 ಕಿಲೋಹರ್ಟ್ಜ್‌ನ ಇನ್ನೊಂದು ಅಲೆ ಹುಟ್ಟುತ್ತದೆ. ಎರಡೂ ಬೆರೆತಾಗ ವ್ಯತ್ಯಾಸವಾಗಿ 455 ಸಿಗುತ್ತದೆ. ಯಾವ ಕೇಂದ್ರ ಹಾಕಿದರೂ ಒಳಗಿನ ಅಲೆ ಜೊತೆಗೇ ಸರಿದು, ವ್ಯತ್ಯಾಸ ಯಾವಾಗಲೂ 455 ಆಗಿಯೇ ಉಳಿಯುತ್ತದೆ. ಹಾಗಾಗಿ ಮುಂದಿನ ಸರ್ಕ್ಯೂಟೆಲ್ಲ ಆ ಒಂದೇ ಅಲೆಯನ್ನು ಚೆನ್ನಾಗಿ ಹಿಗ್ಗಿಸಿದರೆ ಸಾಕು. ಅಮೆರಿಕದ ಎಡ್ವಿನ್ ಆರ್ಮ್‌ಸ್ಟ್ರಾಂಗ್ 1918ರಲ್ಲಿ ಕಂಡುಕೊಂಡ ಈ ಉಪಾಯ ಜಗತ್ತಿನ ಬಹುಪಾಲು ರೇಡಿಯೋಗಳಿಗೆ ತಳಪಾಯ.

ಕಾಗದದ ಮೇಲೆ ಇದು ಸುಲಭ. ನಿಜವಾದ ಸೆಟ್ಟಿನಲ್ಲಿ ಯಾವ ಎರಡು ಕಾಯಿಲ್‌ಗಳೂ ಒಂದೇ ಥರ ಇರುವುದಿಲ್ಲ. ಪ್ರತಿ ಸೆಟ್ಟನ್ನೂ ಮೇಜಿನ ಮೇಲಿಟ್ಟು, ಸಿಗ್ನಲ್ ಜನರೇಟರ್ ಹಚ್ಚಿ, ಕಾಯಿಲಿನ ಒಳಗಿನ ಫೆರೈಟ್ ತುಂಡನ್ನು ಲೋಹವಲ್ಲದ ಸ್ಕ್ರೂಡ್ರೈವರಿನಿಂದ ಕೂದಲೆಳೆಯಷ್ಟು ತಿರುಗಿಸಿ ಹೊಂದಿಸಬೇಕು. ಆಮೇಲೆ ಅಲುಗಾಡದ ಹಾಗೆ ಮೇಣದ ಹನಿ ಹಾಕಬೇಕು. ಕಾರ್ಖಾನೆಯ ಕಸುಬು ಅಂದ್ರೆ ಇದು. ಶಾರ್ಟ್‌ವೇವ್ ಇದ್ದರೆ ಕೆಲಸ ಇನ್ನೂ ಸೂಕ್ಷ್ಮ. ಶಾರ್ಟ್‌ವೇವ್ ಇಲ್ಲದಿದ್ದರೆ ಸೆಟ್ಟು ಮಾರಾಟ ಆಗುತ್ತಿರಲಿಲ್ಲ, ಯಾಕಂದ್ರೆ ಸಿನಿಮಾ ಹಾಡಿಗೆ ಜನ ರೇಡಿಯೋ ಸಿಲೋನ್ ಹಿಡಿಯುತ್ತಿದ್ದರು. 1957ರಲ್ಲಿ ವಿವಿಧ ಭಾರತಿ ಬರುವ ತನಕ ದೆಹಲಿಯವರು ಸಿನಿಮಾ ಹಾಡನ್ನು ದೂರವೇ ಇಟ್ಟಿದ್ದರಲ್ಲ! ಆ ಮಡಿವಂತಿಕೆಯ ಲಾಭ ಸಿಲೋನಿಗೆ ಆಯಿತು, ಶಾರ್ಟ್‌ವೇವ್ ಸೆಟ್ ಮಾಡುವವರಿಗೂ ಆಯಿತು.

ಈ ಕಸುಬನ್ನು ಕಿತ್ತುಕೊಂಡಿದ್ದು ಟ್ರಾನ್ಸಿಸ್ಟರ್. ಬಿಇಎಲ್ 1962ರಲ್ಲಿ ಜರ್ಮೇನಿಯಂ ಸಾಧನಗಳನ್ನು ಮಾಡತೊಡಗಿತು. ವಾಲ್ವ್ ಸೆಟ್ಟಿಗೆ ಇನ್ನೂರು ವೋಲ್ಟ್‌ಗೂ ಮೇಲಿನ ಡಿಸಿ ಬೇಕು, ಅದಕ್ಕೆ ತೂಕದ ಟ್ರಾನ್ಸ್‌ಫಾರ್ಮರ್, ಶಾಖ ತಡೆಯುವ ಪೆಟ್ಟಿಗೆ, ಬಂಡವಾಳ. ಟ್ರಾನ್ಸಿಸ್ಟರ್‌ಗೆ ನಾಲ್ಕು ಸೆಲ್ ಸಾಕು. ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ಬಿಡಿಭಾಗ ತಂದು ಮನೆಯ ಜಗಲಿಯಲ್ಲೇ ಸೆಟ್ ಕಟ್ಟಬಹುದಾಯಿತು. "ನಾವೇ ಎಷ್ಟೋ ಲೋಕಲ್ ಸೆಟ್ ಮಾಡಿ ಮಾರಿದೀವಿ, ಮದುವೆ ಸೀಸನ್ನಲ್ಲಿ ಕೈಗೆ ಬಿಡುವೇ ಇರ್ತಿರಲಿಲ್ಲ" ಅಂದರು ರಿಪೇರಿಯವರು. ಹೀಗೆ ಮೇಲಿನಿಂದ ಮರ್ಫಿ, ಬುಷ್, ಫಿಲಿಪ್ಸ್‌ನಂಥ ಜಾಹೀರಾತಿನ ಬಲ ಇದ್ದ ಕಂಪನಿಗಳು, ಕೆಳಗಿನಿಂದ ಜಗಲಿಯ ಲೋಕಲ್ ಸೆಟ್ಟುಗಳು. ಮರ್ಫಿ ಕ್ಯಾಲೆಂಡರಿನ ಮಗು ಗೋಡೆಗೋಡೆಯಲ್ಲೂ ನಗುತ್ತಿತ್ತು. ಸರ್ಕಾರಿ ಕಂಪನಿಗೆ ಅಂಥ ಮಗು ಎಲ್ಲಿಂದ ಬರಬೇಕು?

ರೆಮ್ಕೊ ವಿದ್ಯುತ್ ಮೀಟರುಗಳನ್ನೂ ಮಾಡುತ್ತಿತ್ತು. ನನಗೆ ಇದು ಸೋಲು ಅನ್ನಿಸುವುದಿಲ್ಲ, ಜಾಣತನವೇ. ಮೀಟರಿಗೆ ಜಾಹೀರಾತು ಬೇಡ. ಕೊಳ್ಳುವವರು ವಿದ್ಯುತ್ ಮಂಡಳಿಗಳು, ಕೊಂಡರೆ ರಾಶಿಗಟ್ಟಲೆ. ಆದರೆ ಮೀಟರಿನ ಮೇಲಿನ ಹೆಸರನ್ನು ಯಾರು ಓದ್ತಾರೆ? ಕೊನೆಗೆ ಕಂಪನಿ ಬಿಎಚ್‌ಇಎಲ್ ತೆಕ್ಕೆಗೆ ಹೋಯಿತು. ಉಳಿದಿದ್ದು ಬಡಾವಣೆಯ ಹೆಸರು. ಅತ್ತ 1980ರ ದಶಕದಲ್ಲಿ ಟಿವಿ ಬಂತು. ಪೋಸ್ಟಾಫೀಸಿಗೆ ಹೋಗಿ ರೇಡಿಯೋ ಲೈಸೆನ್ಸ್ ಶುಲ್ಕ ಕಟ್ಟುವ ಪದ್ಧತಿ ಆ ದಶಕದ ಮಧ್ಯದ ಹೊತ್ತಿಗೆ ನಿಂತೇ ಹೋಯಿತು.

ಯಾದವಗಿರಿಯ ಐಡಿಯಲ್ ಜಾವಾ 1996ರಲ್ಲಿ ಮುಚ್ಚಿದರೂ ಮೈಸೂರಿನವರು ಇವತ್ತಿಗೂ ಯೆಜ್ಡಿ ಅಂದರೆ ಎದೆ ಉಬ್ಬಿಸುತ್ತಾರೆ. ಬೈಕು ರಸ್ತೆಯಲ್ಲಿ ಸದ್ದು ಮಾಡುತ್ತೆ, ಹೆಸರು ಟ್ಯಾಂಕಿನ ಮೇಲಿರುತ್ತೆ. ಈಗಿನ ಮೈಸೂರಿನ ದೊಡ್ಡ ಎಲೆಕ್ಟ್ರಾನಿಕ್ಸ್ ಕಂಪನಿ ಕೇನ್ಸ್ ಟೆಕ್ನಾಲಜಿ. 1988ರಲ್ಲಿ ಇಲ್ಲೇ ಶುರುವಾಗಿ 2022ರಲ್ಲಿ ಷೇರುಪೇಟೆಗೆ ಬಂತು. ರೈಲು, ವಾಹನ, ವೈದ್ಯಕೀಯ ಉಪಕರಣಗಳಿಗೆ ಬೇರೆಯವರ ಹೆಸರಿನಲ್ಲಿ ಸರ್ಕ್ಯೂಟ್ ಬೋರ್ಡ್ ಜೋಡಿಸಿ ಕೊಡುತ್ತದೆ. ಅಂದರೆ ಹೊರಗಿನ ಹೆಸರು ಬೇರೆ, ಒಳಗಿನ ಕೆಲಸ ಮೈಸೂರಿನದು. ಅದೇ ಕಂಪನಿಯ ಚಿಪ್ ಪ್ಯಾಕೇಜಿಂಗ್ ಘಟಕಕ್ಕೆ ಕೇಂದ್ರ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಹೂಡಿಕೆ ಸುಮಾರು 3,300 ಕೋಟಿ ರೂಪಾಯಿ, ಜಾಗ ಗುಜರಾತಿನ ಸಾನಂದ್.

ಕಂಪನಿಯನ್ನು ದೂರುವುದರಲ್ಲಿ ಅರ್ಥವಿಲ್ಲ, ಅದು ಲೆಕ್ಕ ನೋಡಿಕೊಂಡು ಹೋಗಿದೆ. ಕೇಳಬೇಕಾದ್ದು ನಮ್ಮ ಸರ್ಕಾರವನ್ನು. ಎಲೆಕ್ಟ್ರಾನಿಕ್ಸ್ ಕ್ಲಸ್ಟರ್ ಅಂತ ಮೈಸೂರಿನ ಬಗ್ಗೆ ಭಾಷಣ ಮಾಡುವಾಗ, ಇಲ್ಲಿಗೆ ಬರುವುದು ಜೋಡಣೆಯ ಕೆಲಸ ಮಾತ್ರವೋ, ಬಿಡಿಭಾಗ ಮತ್ತು ವಿನ್ಯಾಸವೂ ಬರುತ್ತದೋ? ಬರೀ ಜೋಡಣೆ ಆದರೆ, ಟ್ರಾನ್ಸಿಸ್ಟರ್ ಬಂದ ದಿನ ರೇಡಿಯೋ ಕಂಪನಿಗಳಿಗೆ ಆಗಿದ್ದು ಮತ್ತೊಮ್ಮೆ ಆಗಲು ಎಷ್ಟು ಹೊತ್ತು?

ರಿಪೇರಿಯವರು ವಾರ ಬಿಟ್ಟು ಬರಲು ಹೇಳಿದರು. ಒಣಗಿದ ಕಂಡೆನ್ಸರ್‌ಗಳನ್ನು ಬದಲಿಸಿದ್ದರು, ಒಂದು ವಾಲ್ವನ್ನು ಬೇರೆ ಸೆಟ್ಟಿನಿಂದ ಕಿತ್ತು ಹಾಕಿದ್ದರು. ಕಾಯಿಲ್‌ಗಳ ಟ್ಯೂನಿಂಗ್ ಮಾಡಿದಿರಾ ಅಂತ ಕೇಳಿದೆ. ಟಾರ್ಚ್ ಹಿಡಿದು ತೋರಿಸಿದರು. ಕಂದು ಬಣ್ಣಕ್ಕೆ ತಿರುಗಿದ ಮೇಣದ ಹನಿ ಹಾಗೇ ಇತ್ತು. "ಫ್ಯಾಕ್ಟರಿ ಮೇಣ. ಯಾರೂ ಕೈ ಹಾಕಿಲ್ಲ, ನಾನೂ ಹಾಕಿಲ್ಲ. ಬೇಕಾಗಲೇ ಇಲ್ಲ" ಅಂದು ಸ್ವಿಚ್ ತಿರುವಿದರು. ವಾಲ್ವ್ ಕಾಯಲು ಅರ್ಧ ನಿಮಿಷ ಹಿಡಿಯಿತು. ಆಮೇಲೆ ಮುಳ್ಳು 612ರ ಹತ್ತಿರ ಬಂದಾಗ ಪ್ರದೇಶ ಸಮಾಚಾರ ಕೇಳಿಸಿತು.