ಮುಚ್ಚಿದ ಪೆಟ್ಟಿಗೆಯ ಬೊಂಬೆ

2004ರಲ್ಲಿ ಜಪಾನಿನಲ್ಲಿ ಹುಟ್ಟಿದ ‘ಸಾನಿ ಏಂಜೆಲ್’ ಬೊಂಬೆಯ ಎತ್ತರ ಸುಮಾರು 3 ಅಂಗುಲ. ಬೆನ್ನಿಗೆ ಪುಟ್ಟ ರೆಕ್ಕೆ, ತಲೆಗೆ ಹಣ್ಣಿನದೋ ಪ್ರಾಣಿಯದೋ ಟೊಪ್ಪಿಗೆ. ಉಳಿದಂತೆ ಬಹುಮಟ್ಟಿಗೆ ದಿಗಂಬರ. ಇದನ್ನು ರೂಪಿಸಿದುದು ಮಕ್ಕಳಿಗಾಗಿಯಲ್ಲ, ದುಡಿಯುವ ತರುಣಿಯರಿಗಾಗಿ. ಮಾಲಿಕೆಯೊಂದರಲ್ಲಿ ಸಾಮಾನ್ಯವಾಗಿ 12 ರೂಪಗಳಿದ್ದು, ಒಳಗಿರುವುದು ಯಾವುದೆಂದು ಪೆಟ್ಟಿಗೆಯನ್ನು ಬಿಚ್ಚುವವರೆಗೂ ತಿಳಿಯದು.

ಇದು ಜೂಜಲ್ಲವೆ ಎಂಬ ಆಕ್ಷೇಪವನ್ನು ನಾವು ಹಗುರವಾಗಿ ತಳ್ಳಿಹಾಕಲಾರೆವು. ಹನ್ನೆರಡೂ ಸಮಸಂಖ್ಯೆಯಲ್ಲಿವೆಯೆಂದು ಭಾವಿಸಿದರೂ, ಬಿಡಿಬಿಡಿಯಾಗಿ ಕೊಳ್ಳುವವರು ಮಾಲಿಕೆಯನ್ನು ಪೂರೈಸಲು ಸರಾಸರಿ 37 ಪೆಟ್ಟಿಗೆಗಳನ್ನು ಕೊಳ್ಳಬೇಕಾದೀತು! ಆದರೆ ಜೂಜಿನಲ್ಲಿ ಸೋತವನು ಬರಿಗೈಯಲ್ಲಿ ಮನೆಗೆ ಹೋಗುವನು. ಇಲ್ಲಿ ಎರಡನೆಯ ಸಲ ಬಂದ ಬೊಂಬೆಯೇ ವಿನಿಮಯಕ್ಕೂ, ಅದರಿಂದ ಅಪರಿಚಿತರ ಸ್ನೇಹಕ್ಕೂ ಕಾರಣವಾಗುತ್ತಿದೆ. ಸಂಗ್ರಾಹಕರ ಸಂತೋಷಕ್ಕೆ ನಮ್ಮ ಅಡ್ಡಿಯಿಲ್ಲ. ಚಿತ್ರದಲ್ಲಿ ತೋರಿಸದ ‘ಗುಟ್ಟಿನ ಬೊಂಬೆ’ಯು ಎಷ್ಟು ಪೆಟ್ಟಿಗೆಗಳಿಗೊಂದು ಬರುವುದೆಂಬುದನ್ನು ಮಾತ್ರ ಇಂಥ ವರ್ತಕರೆಲ್ಲರೂ ಪೆಟ್ಟಿಗೆಯ ಮೇಲೆಯೇ ಅಚ್ಚುಹಾಕಿಸತಕ್ಕದ್ದು.